ಅಂತರಜಾಲದ ಹಂಗಿಲ್ಲದೆ ಜಾಲತಾಣ ಕಟ್ಟಲು ನಿಮ್ಮ ಕಂಪ್ಯೂಟರ್‌ನಲ್ಲೇ ವೆಬ್ ಸರ್ವರ್

ಎಚ್‌ಟಿಎಂಎಲ್ ಕಡತವೊಂದನ್ನು ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ಪುಟ ತೆರೆದುಕೊಳ್ಳುತ್ತದೆ. ಹಾಗಿದ್ದ ಮೇಲೆ ಸ್ವಂತ ಕಂಪ್ಯೂಟರ್‌ನಲ್ಲಿ ಸರ್ವರ್ (ಬ್ರೌಸರ್ ಕೇಳಿದ ಪುಟಗಳನ್ನು ಕಳಿಸಿಕೊಡುವ ತಂತ್ರಾಂಶ) ಒಂದನ್ನು ನಡೆಸುವ ಉಸಾಬರಿ ಏಕೆ ಎಂಬ ಪ್ರಶ್ನೆ ಹೊಸದಾಗಿ ಕಲಿಯುವವರಿಗೆ ಸಹಜವಾಗಿಯೇ ಬರುತ್ತದೆ. ಬ್ರೌಸರ್‌ನ ವಿಳಾಸ ಪಟ್ಟಿಯನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಹೀಗೆ ತೆರೆದ ಪುಟದ ವಿಳಾಸ ‘ಫೈಲ್’ ಎಂದು ಶುರುವಾಗುತ್ತದೆ. ಅಂದರೆ ಬ್ರೌಸರ್ ಆ ಕಡತವನ್ನು ಡಿಸ್ಕ್‌ನಿಂದ ನೇರವಾಗಿ ಓದಿದೆ, ನಡುವೆ ಸರ್ವರ್ ಇಲ್ಲ. ಸರ್ವರ್ ಇಲ್ಲದಿರುವಾಗ ಸರ್ವರ್‌ನಲ್ಲಿ ಪುಟ ಸಿದ್ಧಪಡಿಸುವ ಪಿಎಚ್‌ಪಿ ಭಾಷೆಯ ಕೋಡ್ ನಡೆಯುವುದಿಲ್ಲ, ಡೇಟಾಬೇಸ್‌ನಿಂದ ಮಾಹಿತಿ ಬರುವುದಿಲ್ಲ, ಓರೆಗೆರೆಯಿಂದ (/) ಆರಂಭವಾಗುವ ಲಿಂಕ್‌ಗಳು ಜಾಲತಾಣದ ಮೂಲ ಫೋಲ್ಡರ್‌ನ ಬದಲು ಡಿಸ್ಕ್‌ನ ಬುಡದಲ್ಲಿ ಕಡತಗಳನ್ನು ಹುಡುಕುತ್ತವೆ, ಜಾವಾಸ್ಕ್ರಿಪ್ಟ್ ಮಾಡ್ಯೂಲ್‌ಗಳನ್ನು ಭದ್ರತೆಯ ಕಾರಣಕ್ಕೆ ಬ್ರೌಸರ್ ತಡೆದುಬಿಡುತ್ತದೆ.

ಆದ್ದರಿಂದ ಕಂಪ್ಯೂಟರ್‌ನಲ್ಲೇ ಒಂದು ವೆಬ್ ಸರ್ವರ್ ಸ್ಥಾಪಿಸಿಕೊಂಡು, ‘ಲೋಕಲ್‌ಹೋಸ್ಟ್’ ಎಂಬ ವಿಳಾಸದಲ್ಲಿ ಜಾಲತಾಣವನ್ನು ತೆರೆದು ಕೆಲಸ ಮಾಡುವುದೇ ಸರಿಯಾದ ಕ್ರಮ. ಈ ಹೆಸರು 127.0.0.1 ಎಂಬ ಐಪಿ ವಿಳಾಸವನ್ನು ಸೂಚಿಸುತ್ತದೆ. ಅಲ್ಲಿಗೆ ಕಳಿಸಿದ ಕೋರಿಕೆ ಕಂಪ್ಯೂಟರ್‌ನಿಂದ ಹೊರಗೆ ಹೋಗುವುದೇ ಇಲ್ಲವಾದ್ದರಿಂದ ಅಂತರಜಾಲ ಸಂಪರ್ಕ ಇದ್ದರೂ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಸ್ಥಾಪನೆಯೊಂದೇ ಗುರಿಯಾದರೆ ಅರ್ಧ ಗಂಟೆ ಸಾಕು. ಆದರೆ ಈ ಸರ್ವರ್ ಮುಂದೆ ಜಾಲತಾಣ ಪ್ರಕಟವಾಗಲಿರುವ ನಿಜವಾದ ಸರ್ವರ್‌ನಂತೆಯೇ ನಡೆದುಕೊಳ್ಳಬೇಕು; ಇಲ್ಲವಾದರೆ ಇಲ್ಲಿ ಸರಿಯಾಗಿ ಕಂಡದ್ದು ಅಲ್ಲಿ ಕೆಡುತ್ತದೆ. ಈ ಲೇಖನದ ಹೆಚ್ಚಿನ ಭಾಗ ಆ ಹೊಂದಾಣಿಕೆಯ ಕುರಿತಾಗಿದೆ.

ಒಂದು ಸೂಚನೆ: ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವ ಕಡತ, ಫೋಲ್ಡರ್ ಮತ್ತು ಆದೇಶಗಳ ಹೆಸರುಗಳನ್ನು ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಯಾವ ಸಾಧನ ಬೇಕು?

ನಿಮ್ಮ ಜಾಲತಾಣದಲ್ಲಿ ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಇದ್ದರೆ ದೊಡ್ಡ ತಂತ್ರಾಂಶಗಳ ಅಗತ್ಯವೇ ಇಲ್ಲ. ಪೈಥಾನ್ 3 ಇರುವ ಕಂಪ್ಯೂಟರ್‌ನಲ್ಲಿ ಟರ್ಮಿನಲ್ ತೆರೆದು, ಜಾಲತಾಣದ ಫೋಲ್ಡರ್‌ಗೆ ಹೋಗಿ, ‘ಪೈಥಾನ್’ ಎಂದು ಬರೆದು, ಅಡ್ಡಗೆರೆಯೊಂದಿಗೆ ‘ಎಂ’ ಅಕ್ಷರ ಸೇರಿಸಿ, ಅದರ ಮುಂದೆ ‘ಎಚ್‌ಟಿಟಿಪಿ.ಸರ್ವರ್’ ಮತ್ತು 8000 ಎಂಬ ಪೋರ್ಟ್ ಸಂಖ್ಯೆಯನ್ನು ಕೊಟ್ಟರೆ ಆ ಫೋಲ್ಡರ್ ತಕ್ಷಣವೇ ಲೋಕಲ್‌ಹೋಸ್ಟ್‌ನ 8000ನೇ ಪೋರ್ಟ್‌ನಲ್ಲಿ ಸಿಗುತ್ತದೆ. ಪಿಎಚ್‌ಪಿಯಲ್ಲೂ 5.4ನೇ ಆವೃತ್ತಿಯಿಂದ ಇಂತಹದೇ ಪುಟ್ಟ ಸರ್ವರ್ ಅಡಕವಾಗಿದೆ. ಇವೆರಡೂ ಪರೀಕ್ಷೆಗೆಂದೇ ಇರುವಂಥವು, ಸಾರ್ವಜನಿಕ ಬಳಕೆಗೆ ತಕ್ಕವಲ್ಲ.

ಪಿಎಚ್‌ಪಿಯ ಜೊತೆಗೆ ಡೇಟಾಬೇಸ್ ಕೂಡ ಬೇಕಾದವರಿಗೆ, ವರ್ಡ್‌ಪ್ರೆಸ್‌ನಂತಹ ವ್ಯವಸ್ಥೆಯಲ್ಲಿ ಕೆಲಸ ಮಾಡುವವರಿಗೆ, ಎಲ್ಲವೂ ಒಂದೇ ಕಟ್ಟಿನಲ್ಲಿ ಬರುವ ಪ್ಯಾಕೇಜ್ ಅನುಕೂಲ. ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಮೂರರಲ್ಲೂ ಸಿಗುವ ಝಾಂಪ್ ಇವುಗಳಲ್ಲಿ ಹೆಚ್ಚು ಪರಿಚಿತ. ಇಂಗ್ಲಿಷ್‌ನಲ್ಲಿ ಎಕ್ಸ್, ಎ, ಎಂ, ಪಿ, ಪಿ ಎಂದು ಬರೆಯುವ ಈ ಹೆಸರಿನಲ್ಲಿ ಎಕ್ಸ್ ನಂತರದ ಅಕ್ಷರಗಳು ಕ್ರಮವಾಗಿ ಅಪಾಚೆ ಸರ್ವರ್, ಮರಿಯಾಡಿಬಿ ಡೇಟಾಬೇಸ್, ಪಿಎಚ್‌ಪಿ ಮತ್ತು ಪರ್ಲ್ ಭಾಷೆಗಳನ್ನು ಸೂಚಿಸುತ್ತವೆ. ಇದರ ನಿಯಂತ್ರಣ ಫಲಕದಲ್ಲಿ ಇಂದಿಗೂ ಮೈಎಸ್‌ಕ್ಯೂಎಲ್ ಎಂದೇ ಬರೆದಿದ್ದರೂ ಒಳಗಿರುವುದು ಅದರ ಕವಲಾದ ಮರಿಯಾಡಿಬಿ. ವಿಂಡೋಸ್‌ನಲ್ಲಿ ವ್ಯಾಂಪ್‌ಸರ್ವರ್ ಮತ್ತು ಲಾರಗಾನ್, ಮ್ಯಾಕ್‌ನಲ್ಲಿ ಮ್ಯಾಂಪ್ ಕೂಡ ಇದೇ ಕೆಲಸ ಮಾಡುತ್ತವೆ. ಹಲವರು ಸೇರಿ ಮಾಡುವ ದೊಡ್ಡ ಕೆಲಸಕ್ಕೆ, ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೇ ಬಗೆಯ ಪ್ರತ್ಯೇಕ ಪರಿಸರ ನಿರ್ಮಿಸುವ ಡಾಕರ್ ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ಆದರೆ ಮೊದಲ ಬಾರಿ ಕಲಿಯುವವರು ಸರ್ವರ್ ಎಂದರೇನೆಂದು ತಿಳಿಯುವ ಮುನ್ನ ಡಾಕರ್‌ಗೆ ಕೈಹಾಕಿದರೆ ಎರಡನ್ನೂ ಏಕಕಾಲಕ್ಕೆ ಕಲಿಯಬೇಕಾಗುತ್ತದೆ. ಹಾಗಾಗಿ ಮುಂದಿನ ವಿವರಗಳನ್ನು ಝಾಂಪ್ ಆಧಾರದಲ್ಲಿ, ಮುಖ್ಯವಾಗಿ ವಿಂಡೋಸ್ ಬಳಕೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟಿದ್ದೇನೆ.

ಸಂಪರ್ಕ ಇರುವಾಗಲೇ ಮಾಡಿಕೊಳ್ಳಬೇಕಾದ ಕೆಲಸ

ಡೌನ್‌ಲೋಡ್ ಗುಂಡಿ ಒತ್ತುವ ಮೊದಲು ನಿಮ್ಮ ಹೋಸ್ಟಿಂಗ್ ಖಾತೆಯ (ಜಾಲತಾಣ ಪ್ರಕಟವಾಗಲಿರುವ ಸರ್ವರ್‌ನ) ನಿಯಂತ್ರಣ ಫಲಕದಲ್ಲಿ ಪಿಎಚ್‌ಪಿಯ ಯಾವ ಆವೃತ್ತಿ ಇದೆ, ಡೇಟಾಬೇಸ್ ಯಾವುದು ಎಂಬುದನ್ನು ನೋಡಿ ಬರೆದಿಟ್ಟುಕೊಳ್ಳಿ. ಪಿಎಚ್‌ಪಿ 7 ಮತ್ತು 8ರ ನಡುವೆ ಭಾಷೆಯ ನಡವಳಿಕೆಯಲ್ಲೇ ವ್ಯತ್ಯಾಸಗಳಿವೆ. ಹಳೆಯ ಆವೃತ್ತಿಯಲ್ಲಿ ಬರೀ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತಿದ್ದ ಹಲವು ತಪ್ಪುಗಳು ಹೊಸದರಲ್ಲಿ ಪುಟವನ್ನೇ ನಿಲ್ಲಿಸುತ್ತವೆ. ಎರಡೂ ಕಡೆ ಒಂದೇ ಆವೃತ್ತಿ ಇರುವಂತೆ ಝಾಂಪ್‌ನ ಸೂಕ್ತ ಪ್ಯಾಕೇಜನ್ನು ಆರಿಸಿಕೊಳ್ಳಿ.

ನಂತರ ನಿಮ್ಮ ಪುಟಗಳು ಬೇರೆ ಸರ್ವರ್‌ಗಳಿಂದ ಏನೇನನ್ನು ತರಿಸಿಕೊಳ್ಳುತ್ತಿವೆ ಎಂದು ಪರಿಶೀಲಿಸಿ. ಜೆಕ್ವೆರಿ, ಬೂಟ್‌ಸ್ಟ್ರಾಪ್ ಮುಂತಾದ ಸಿದ್ಧ ಕೋಡ್ ಸಂಗ್ರಹಗಳನ್ನು ಸಿಡಿಎನ್ (ಕಡತಗಳನ್ನು ಹಂಚುವ ಹೊರಗಿನ ಸರ್ವರ್‌ಗಳ ಜಾಲ) ಮೂಲಕ, ಅಕ್ಷರಶೈಲಿಗಳನ್ನು ಗೂಗಲ್ ಫಾಂಟ್ಸ್ ಮೂಲಕ ಪಡೆಯುವ ರೂಢಿ ವ್ಯಾಪಕವಾಗಿದೆ. ಸಂಪರ್ಕ ಕಡಿದ ಕ್ಷಣ ಇವು ಯಾವುವೂ ಬರುವುದಿಲ್ಲ; ಮೆನು ತೆರೆಯುವುದಿಲ್ಲ, ಕನ್ನಡದ ಅಕ್ಷರಗಳು ಬೇರೊಂದು ಫಾಂಟ್‌ನಲ್ಲಿ ಕಾಣಿಸಿಕೊಂಡು ಸಾಲುಗಳ ಅಂತರವೇ ಬದಲಾಗುತ್ತದೆ. ಈ ಎಲ್ಲ ಕಡತಗಳನ್ನು ಇಳಿಸಿಕೊಂಡು ಜಾಲತಾಣದ ಒಳಗಿನ ಒಂದು ಫೋಲ್ಡರ್‌ನಲ್ಲಿಟ್ಟು, ಪುಟಗಳಲ್ಲಿನ ಕೊಂಡಿಗಳನ್ನು ಅಲ್ಲಿಗೆ ತಿರುಗಿಸಿ. ಪಿಎಚ್‌ಪಿಯ ಅಧಿಕೃತ ಕೈಪಿಡಿಯನ್ನು ಪೂರ್ತಿಯಾಗಿ ಡೌನ್‌ಲೋಡ್ ಮಾಡಿಕೊಳ್ಳಲು ಅವಕಾಶವಿದೆ. ಸಂಪರ್ಕವಿಲ್ಲದ ದಿನ ಅದರಷ್ಟು ಉಪಕಾರಿಯಾದ ವಸ್ತು ಇನ್ನೊಂದಿಲ್ಲ. ವರ್ಡ್‌ಪ್ರೆಸ್ ಬಳಸುವವರು ಅದರ ಜಿಪ್ ಕಡತ, ಬೇಕಾದ ಥೀಮ್ ಮತ್ತು ಪ್ಲಗಿನ್‌ಗಳನ್ನೂ ಈಗಲೇ ಇಳಿಸಿಟ್ಟುಕೊಳ್ಳಬೇಕು.

ಸ್ಥಾಪನೆ ಮತ್ತು ಮೊದಲ ಚಾಲನೆ

ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಸೂಚಿಸುವ ಜಾಗವನ್ನೇ, ಅಂದರೆ ‘ಸಿ’ ಡ್ರೈವ್‌ನಲ್ಲಿ ನೇರವಾಗಿ ಝಾಂಪ್ ಹೆಸರಿನ ಫೋಲ್ಡರನ್ನೇ ಉಳಿಸಿಕೊಳ್ಳಿ. ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹಾಕಿದರೆ ವಿಂಡೋಸ್‌ನ ಬಳಕೆದಾರ ಅನುಮತಿಯ ನಿರ್ಬಂಧಗಳಿಂದಾಗಿ ಕಡತಗಳನ್ನು ಬರೆಯಲು ತೊಡಕಾಗುತ್ತದೆ. ಘಟಕಗಳ ಪಟ್ಟಿಯಲ್ಲಿ ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ ಮತ್ತು ಪಿಎಚ್‌ಪಿಮೈಅಡ್ಮಿನ್ ಇದ್ದರೆ ಸಾಕು. ಟಾಮ್‌ಕ್ಯಾಟ್, ಫೈಲ್‌ಝಿಲ್ಲಾ, ಮರ್ಕ್ಯುರಿ ಮುಂತಾದವುಗಳ ಗುರುತನ್ನು ತೆಗೆದುಬಿಡಬಹುದು. ಲಿನಕ್ಸ್‌ನಲ್ಲಿ ಇನ್‌ಸ್ಟಾಲರ್ ಕಡತಕ್ಕೆ ಚಾಲನೆಯ ಅನುಮತಿ ಕೊಟ್ಟು ರೂಟ್ ಹಕ್ಕಿನಿಂದ ನಡೆಸಬೇಕು. ಎಲ್ಲವೂ ‘ಆಪ್ಟ್’ ಫೋಲ್ಡರ್‌ನಲ್ಲಿ ‘ಲ್ಯಾಂಪ್’ ಎಂಬ ಹೆಸರಿನಡಿ ಕೂರುತ್ತದೆ.

ಸ್ಥಾಪನೆ ಮುಗಿದ ಮೇಲೆ ನಿಯಂತ್ರಣ ಫಲಕ ತೆರೆದು ಅಪಾಚೆ ಮತ್ತು ಮೈಎಸ್‌ಕ್ಯೂಎಲ್ ಸಾಲುಗಳ ಮುಂದಿರುವ ‘ಸ್ಟಾರ್ಟ್’ ಒತ್ತಿ. ಹೆಸರುಗಳ ಹಿನ್ನೆಲೆ ಹಸಿರಾದರೆ ಎರಡೂ ನಡೆಯುತ್ತಿವೆ. ಮೊದಲ ಬಾರಿ ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದಾಗ, ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಜಾಲತಾಣ ನೋಡುವುದಾದರೆ, ನಿರಾಕರಿಸಿದರೂ ಅಡ್ಡಿಯಿಲ್ಲ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು ಎಂಟರ್ ಒತ್ತಿದಾಗ ಝಾಂಪ್‌ನ ಸ್ವಾಗತ ಪುಟ ಬರಬೇಕು.

ಅಪಾಚೆ ಏಳದಿದ್ದರೆ

ಬಹಳಷ್ಟು ಜನ ಕೈಚೆಲ್ಲುವುದು ಇದೇ ಹಂತದಲ್ಲಿ. ಸ್ಟಾರ್ಟ್ ಒತ್ತಿದ ಮರುಗಳಿಗೆ ಕೆಂಪು ಅಕ್ಷರಗಳಲ್ಲಿ, ಅಪಾಚೆ ಅನಿರೀಕ್ಷಿತವಾಗಿ ನಿಂತುಹೋಯಿತು ಎಂಬ ಸಂದೇಶ ಬರುತ್ತದೆ. ಹೆಚ್ಚಿನ ಸಲ ಅದಕ್ಕೆ ಕಾರಣ ಒಂದೇ: ಅಪಾಚೆಗೆ ಬೇಕಾದ ಪೋರ್ಟನ್ನು ಬೇರೊಂದು ತಂತ್ರಾಂಶ ಆಗಲೇ ಹಿಡಿದುಕೊಂಡಿರುತ್ತದೆ. ಪೋರ್ಟ್ ಎಂದರೆ ಒಂದೇ ಕಂಪ್ಯೂಟರ್‌ನಲ್ಲಿ ನಡೆಯುವ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ. ಎಚ್‌ಟಿಟಿಪಿಗೆ 80, ಎಚ್‌ಟಿಟಿಪಿಎಸ್‌ಗೆ 443, ಮೈಎಸ್‌ಕ್ಯೂಎಲ್‌ಗೆ 3306 ರೂಢಿಯ ಸಂಖ್ಯೆಗಳು. ಒಂದು ವಿಳಾಸದ ಒಂದು ಪೋರ್ಟ್‌ನಲ್ಲಿ ಎರಡು ಸರ್ವರ್‌ಗಳು ಏಕಕಾಲಕ್ಕೆ ಕೋರಿಕೆಗಳನ್ನು ಆಲಿಸಲಾಗದು.

ನಿಯಂತ್ರಣ ಫಲಕದ ಬಲಬದಿಯಲ್ಲಿರುವ ‘ನೆಟ್‌ಸ್ಟ್ಯಾಟ್’ ಗುಂಡಿ ಒತ್ತಿದರೆ ಯಾವ ಪೋರ್ಟ್ ಯಾರ ಕೈಯಲ್ಲಿದೆ ಎಂಬ ಪಟ್ಟಿ ತೆರೆಯುತ್ತದೆ. 80ರ ಎದುರು ‘ಸಿಸ್ಟಂ’ ಎಂದೂ ಪ್ರಕ್ರಿಯೆಯ ಸಂಖ್ಯೆ 4 ಎಂದೂ ಕಂಡರೆ ವಿಂಡೋಸ್‌ನ ಸ್ವಂತ ಎಚ್‌ಟಿಟಿಪಿ ಸೇವೆ ಆ ಪೋರ್ಟನ್ನು ಬಳಸುತ್ತಿದೆ. ಸಾಮಾನ್ಯವಾಗಿ ಮೈಕ್ರೋಸಾಫ್ಟ್‌ನದೇ ಆದ ಐಐಎಸ್ ವೆಬ್ ಸರ್ವರ್ ಚಾಲೂ ಆಗಿರುವ ಕಂಪ್ಯೂಟರ್‌ಗಳಲ್ಲಿ ಹೀಗಾಗುತ್ತದೆ. ನಿಮಗೆ ಐಐಎಸ್ ಬೇಡವಾಗಿದ್ದರೆ ವಿಂಡೋಸ್‌ನ ಸೇವೆಗಳ ಪಟ್ಟಿಯಲ್ಲಿ ‘ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್’ ಎಂಬುದನ್ನು ನಿಲ್ಲಿಸಬಹುದು. ಅದು ಬೇಕಾಗಿದ್ದರೆ, ಅಥವಾ ಪೋರ್ಟ್ ಹಿಡಿದಿರುವ ತಂತ್ರಾಂಶ ಯಾವುದೆಂದು ಖಚಿತವಾಗದಿದ್ದರೆ, ಅಪಾಚೆಯನ್ನೇ ಬೇರೆ ಪೋರ್ಟ್‌ಗೆ ಸರಿಸುವುದು ನಿರಪಾಯ. ಅಪಾಚೆ ಸಾಲಿನ ‘ಕಾನ್ಫಿಗ್’ ಗುಂಡಿಯಿಂದ ‘ಎಚ್‌ಟಿಟಿಪಿಡಿ.ಕಾನ್ಫ್’ ಕಡತ ತೆರೆಯಿರಿ. ‘ಲಿಸನ್ 80’ ಎಂಬುದನ್ನು ‘ಲಿಸನ್ 8080’ ಎಂದೂ, ‘ಸರ್ವರ್‌ನೇಮ್’ ಸಾಲಿನ ಕೊನೆಯ 80ನ್ನು 8080 ಎಂದೂ ಬದಲಿಸಿ ಉಳಿಸಿ, ಅಪಾಚೆಯನ್ನು ಮತ್ತೆ ಚಾಲೂ ಮಾಡಿ. ಇನ್ನು ಮುಂದೆ ವಿಳಾಸ ಬರೆಯುವಾಗ ಲೋಕಲ್‌ಹೋಸ್ಟ್ ಎಂಬುದರ ಮುಂದೆ ವಿವರಣ ಚಿಹ್ನೆ (:) ಹಾಕಿ 8080 ಸೇರಿಸಬೇಕು. ತಡೆ 443ರಲ್ಲಿದ್ದರೆ ಇದೇ ಬದಲಾವಣೆಯನ್ನು ‘ಎಚ್‌ಟಿಟಿಪಿಡಿ-ಎಸ್‌ಎಸ್‌ಎಲ್.ಕಾನ್ಫ್’ ಕಡತದಲ್ಲಿ ಮಾಡಬೇಕು. ಪೋರ್ಟ್‌ಗಳೆಲ್ಲ ಖಾಲಿಯಿದ್ದೂ ಅಪಾಚೆ ನಿಂತುಹೋಗುತ್ತಿದ್ದರೆ ಕಾನ್ಫಿಗರೇಶನ್ ಕಡತದಲ್ಲಿ ಅಕ್ಷರದೋಷವಿರುವ ಸಾಧ್ಯತೆ ಹೆಚ್ಚು. ‘ಲಾಗ್ಸ್’ ಗುಂಡಿಯಡಿ ಸಿಗುವ ದೋಷದ ದಾಖಲೆಯ ಕೊನೆಯ ಸಾಲುಗಳನ್ನು ಓದದೆ ಇಡೀ ತಂತ್ರಾಂಶವನ್ನು ತೆಗೆದು ಮರುಸ್ಥಾಪಿಸಲು ಹೋಗಬೇಡಿ.

ಮೊದಲ ಪುಟ

ಝಾಂಪ್ ಫೋಲ್ಡರ್‌ನ ಒಳಗಿರುವ ‘ಎಚ್‌ಟಿಡಾಕ್ಸ್’ ಎಂಬುದೇ ಜಾಲತಾಣಗಳ ಮನೆ. ಅಲ್ಲಿ ‘ತಾಣ’ ಎಂಬರ್ಥದ ಯಾವುದಾದರೂ ಚಿಕ್ಕ ಹೆಸರಿನ ಹೊಸ ಫೋಲ್ಡರ್ ಮಾಡಿ, ಅದರೊಳಗೆ ‘ಇಂಡೆಕ್ಸ್.ಪಿಎಚ್‌ಪಿ’ ಎಂಬ ಕಡತವನ್ನಿಟ್ಟು, ‘ಪಿಎಚ್‌ಪಿಇನ್ಫೊ’ ಎಂಬ ಫಂಕ್ಷನ್ನನ್ನು ಕರೆಯುವ ಒಂದೇ ಸಾಲನ್ನು ಬರೆಯಿರಿ. ಲೋಕಲ್‌ಹೋಸ್ಟ್, ಓರೆಗೆರೆ, ಫೋಲ್ಡರ್‌ನ ಹೆಸರು ಎಂಬ ವಿಳಾಸ ತೆರೆದಾಗ ಪಿಎಚ್‌ಪಿಯ ಆವೃತ್ತಿ, ಲಭ್ಯವಿರುವ ಎಕ್ಸ್‌ಟೆನ್ಶನ್‌ಗಳು ಮುಂತಾದ ವಿವರಗಳ ಉದ್ದನೆಯ ಪಟ್ಟಿ ಬರುತ್ತದೆ. ನೀವು ಬರೆದ ಕೋಡ್‌ನ ಸಾಲು ಹಾಗೆಯೇ ಕಂಡರೆ ಅಥವಾ ಖಾಲಿ ಪುಟ ಬಂದರೆ ಕಡತವನ್ನು ಸರ್ವರ್ ಮೂಲಕ ತೆರೆದಿಲ್ಲದಿರುವ ಸಾಧ್ಯತೆ ಹೆಚ್ಚು. ವಿಳಾಸವನ್ನು ಮತ್ತೆ ನೋಡಿ. ಈ ಪಟ್ಟಿಯಲ್ಲಿ ಯಾವ ಪಿಎಚ್‌ಪಿ.ಐಎನ್‌ಐ ಕಡತ ಬಳಕೆಯಲ್ಲಿದೆ ಎಂಬ ಸಾಲೂ ಇರುತ್ತದೆ. ಸೆಟ್ಟಿಂಗ್ ಬದಲಿಸಿದರೂ ಪರಿಣಾಮ ಕಾಣುತ್ತಿಲ್ಲ ಎನ್ನುವವರು ಬಹುತೇಕ ಬೇರೊಂದು ಕಡತವನ್ನು ತಿದ್ದಿರುತ್ತಾರೆ, ಇಲ್ಲವೆ ತಿದ್ದಿದ ಮೇಲೆ ಅಪಾಚೆಯನ್ನು ಮರುಚಾಲನೆ ಮಾಡಿರುವುದಿಲ್ಲ.

ಡೇಟಾಬೇಸ್ ಮತ್ತು ಕನ್ನಡ

ಲೋಕಲ್‌ಹೋಸ್ಟ್‌ನ ಮುಂದೆ ಪಿಎಚ್‌ಪಿಮೈಅಡ್ಮಿನ್ ಎಂದು ಬರೆದರೆ ಡೇಟಾಬೇಸ್ ನಿರ್ವಹಣೆಯ ಪುಟ ಸಿಗುತ್ತದೆ. ಹೊಸ ಡೇಟಾಬೇಸ್ ಮಾಡುವಾಗ ಹೆಸರಿನ ಪಕ್ಕದಲ್ಲಿರುವ ಕೊಲೇಶನ್ (ಅಕ್ಷರಗಳ ಸಂಕೇತ ಮತ್ತು ಅವನ್ನು ಹೋಲಿಸುವ ಕ್ರಮ) ಪಟ್ಟಿಯಲ್ಲಿ ‘ಯುಟಿಎಫ್8ಎಂಬಿ4’ ಎಂದು ಶುರುವಾಗುವ ಆಯ್ಕೆಯನ್ನೇ, ಉದಾಹರಣೆಗೆ ಅದರ ‘ಯೂನಿಕೋಡ್_ಸಿಐ’ ರೂಪವನ್ನು, ಆರಿಸಿಕೊಳ್ಳಿ. ಕನ್ನಡದಲ್ಲಿ ಜಾಲತಾಣ ಮಾಡುವವರು ಈ ಹಂತದಲ್ಲಿ ಒಂದು ನಿಮಿಷ ಹೆಚ್ಚು ನಿಲ್ಲಬೇಕೆಂದು ನನ್ನ ಒತ್ತಾಯ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರಗಳು. ಯೂನಿಕೋಡ್‌ನಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ ಒಟ್ಟು ಹದಿನೈದು ಬೈಟ್‌ಗಳು. ಪಿಎಚ್‌ಪಿಯ ‘ಎಸ್‌ಟಿಆರ್‌ಲೆನ್’ ಫಂಕ್ಷನ್ ಈ ಪದಕ್ಕೆ 15 ಎಂಬ ಉತ್ತರ ಕೊಟ್ಟರೆ ‘ಎಂಬಿ_ಎಸ್‌ಟಿಆರ್‌ಲೆನ್’ 5 ಎನ್ನುತ್ತದೆ. ಲೇಖನದ ಮೊದಲ ಕೆಲವು ಅಕ್ಷರಗಳನ್ನಷ್ಟೇ ತೋರಿಸುವ ಕೋಡ್ ಬೈಟ್‌ಗಳ ಲೆಕ್ಕದಲ್ಲಿ ಕತ್ತರಿಸಿದರೆ ಸಂಕೇತದ ನಡುವೆಯೇ ತುಂಡಾಗಿ, ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ಚೌಕ ಕಾಣಿಸಿಕೊಳ್ಳುತ್ತದೆ. ‘ಎಂಬಿ’ ಗುಂಪಿನ ಫಂಕ್ಷನ್‌ಗಳನ್ನು ಬಳಸಿದರೆ ಈ ತೊಂದರೆಯಿಲ್ಲ. ಇನ್ನು ಡೇಟಾಬೇಸ್‌ನ ಕಾಲಂ ‘ಲ್ಯಾಟಿನ್1’ ಸಂಕೇತದಲ್ಲಿದ್ದರೆ ಕನ್ನಡ ಅಲ್ಲಿ ಉಳಿಯುವುದೇ ಇಲ್ಲ, ಸಾಲುಸಾಲು ಪ್ರಶ್ನಾರ್ಥಕಗಳಾಗಿ ಸೇರುತ್ತದೆ, ಆಮೇಲೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಹಳೆಯ ‘ಯುಟಿಎಫ್8’ ಆಯ್ಕೆ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುವುದರಿಂದ ಕನ್ನಡಕ್ಕೆ ಸಾಕಾದರೂ ನಾಲ್ಕು ಬೈಟ್‌ನ ಎಮೋಜಿಗಳಿಗೆ ಸಾಲದು. ಡೇಟಾಬೇಸ್‌ನಲ್ಲಿ ಸರಿ ಮಾಡಿದಷ್ಟೇ ಮುಖ್ಯವಾಗಿ ಪಿಎಚ್‌ಪಿಯಿಂದ ಸಂಪರ್ಕ ಮಾಡುವ ಸಾಲಿನಲ್ಲೂ, ಪುಟದ ಮೆಟಾ ಟ್ಯಾಗ್‌ನಲ್ಲೂ ಸಂಕೇತವನ್ನು ನಮೂದಿಸಬೇಕು.

ಕಡತಗಳನ್ನು ಯುಟಿಎಫ್-8ರಲ್ಲಿ, ಆದರೆ ‘ಬಿಓಎಂ’ ಇಲ್ಲದಂತೆ ಉಳಿಸಬೇಕು. ಹಳೆಯ ವಿಂಡೋಸ್‌ಗಳ ನೋಟ್‌ಪ್ಯಾಡ್ ಯುಟಿಎಫ್-8 ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಈ ಗುರುತನ್ನು ಸೇರಿಸುತ್ತಿತ್ತು. ಪಿಎಚ್‌ಪಿ ಅದನ್ನು ಪುಟದ ಭಾಗವೆಂದು ತಿಳಿದು ಬ್ರೌಸರ್‌ಗೆ ಕಳಿಸಿಬಿಡುತ್ತದೆ. ಪರಿಣಾಮವಾಗಿ ಲಾಗಿನ್ ಮಾಡಿಸುವ ಪುಟದಲ್ಲಿ, ಹೆಡರ್‌ಗಳನ್ನು ಆಗಲೇ ಕಳಿಸಲಾಗಿದೆ ಎಂಬ ದೋಷ ಬರುತ್ತದೆ. ಕೋಡ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗದಿದ್ದಾಗ ಸಂಪಾದಕದ ಕೆಳಪಟ್ಟಿಯಲ್ಲಿ ಸಂಕೇತದ ಹೆಸರನ್ನು ನೋಡಿ.

ಝಾಂಪ್‌ನ ಡೇಟಾಬೇಸ್‌ನಲ್ಲಿ ‘ರೂಟ್’ ಬಳಕೆದಾರರಿಗೆ ಪಾಸ್‌ವರ್ಡ್ ಇರುವುದಿಲ್ಲ. ಅದನ್ನೇ ಬಳಸಿ ಕೋಡ್ ಬರೆಯುವ ಬದಲು ಪ್ರತಿ ಜಾಲತಾಣಕ್ಕೂ ಬೇರೆ ಬಳಕೆದಾರರನ್ನು ಸೃಷ್ಟಿಸಿ, ಆ ಒಂದು ಡೇಟಾಬೇಸ್‌ನ ಹಕ್ಕನ್ನು ಮಾತ್ರ ಕೊಡಿ. ಹೋಸ್ಟಿಂಗ್ ಸಂಸ್ಥೆಗಳಲ್ಲಿ ಇರುವುದೂ ಹೀಗೆಯೇ. ರೂಟ್‌ಗೆ ಪಾಸ್‌ವರ್ಡ್ ಇಟ್ಟರೆ ಪಿಎಚ್‌ಪಿಮೈಅಡ್ಮಿನ್‌ನ ‘ಕಾನ್ಫಿಗ್.ಐಎನ್‌ಸಿ.ಪಿಎಚ್‌ಪಿ’ ಕಡತದಲ್ಲೂ ಅದನ್ನು ತಿಳಿಸಬೇಕು, ಇಲ್ಲದಿದ್ದರೆ ಆ ಪುಟ ತೆರೆಯುವುದು ನಿಂತುಹೋಗುತ್ತದೆ.

ಪ್ರತಿ ಜಾಲತಾಣಕ್ಕೂ ಸ್ವಂತ ಹೆಸರು

ಎಚ್‌ಟಿಡಾಕ್ಸ್‌ನ ಒಳಫೋಲ್ಡರ್‌ನಲ್ಲಿ ಕಟ್ಟಿದ ಜಾಲತಾಣವನ್ನು ಮುಂದೆ ಡೊಮೈನ್‌ನ ಬುಡಕ್ಕೆ ಸಾಗಿಸಿದಾಗ ಓರೆಗೆರೆಯಿಂದ ಆರಂಭವಾಗುವ ಲಿಂಕ್‌ಗಳ ಲೆಕ್ಕ ತಪ್ಪುತ್ತದೆ. ಅದಕ್ಕೆ ಪರಿಹಾರ ವರ್ಚುವಲ್ ಹೋಸ್ಟ್, ಅಂದರೆ ಒಂದೇ ಸರ್ವರ್‌ನಲ್ಲಿ ಪ್ರತಿ ಜಾಲತಾಣಕ್ಕೂ ಬೇರೆ ಹೆಸರು ಕೊಡುವ ವ್ಯವಸ್ಥೆ. ಮೊದಲು ಅಪಾಚೆಯ ‘ಎಚ್‌ಟಿಟಿಪಿಡಿ-ವಿಹೋಸ್ಟ್ಸ್.ಕಾನ್ಫ್’ ಕಡತದಲ್ಲಿ ಜಾಲತಾಣದ ಹೆಸರನ್ನೂ ಅದರ ಫೋಲ್ಡರ್‌ನ ಹಾದಿಯನ್ನೂ ಬರೆಯಬೇಕು. ಬಳಿಕ ವಿಂಡೋಸ್‌ನ ‘ಸಿಸ್ಟಂ32’ ಒಳಗೆ ‘ಡ್ರೈವರ್ಸ್’, ಅದರೊಳಗೆ ‘ಇಟಿಸಿ’ ಎಂಬಲ್ಲಿರುವ ‘ಹೋಸ್ಟ್ಸ್’ ಕಡತವನ್ನು ನಿರ್ವಾಹಕರ ಹಕ್ಕಿನಿಂದ ತೆರೆದು, 127.0.0.1 ಎಂದು ಬರೆದು, ಜಾಗ ಬಿಟ್ಟು ಅದೇ ಹೆಸರನ್ನು ಸೇರಿಸಬೇಕು. ವರ್ಚುವಲ್ ಹೋಸ್ಟ್‌ಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಲೋಕಲ್‌ಹೋಸ್ಟ್‌ಗೂ ಒಂದು ನಮೂದನ್ನು ಹಾಕಿ. ಹೆಸರು ಹೊಂದದ ಕೋರಿಕೆಗಳನ್ನೆಲ್ಲ ಅಪಾಚೆ ಮೊದಲ ನಮೂದಿಗೆ ಕಳಿಸುವುದರಿಂದ, ಇದನ್ನು ಬಿಟ್ಟರೆ ಲೋಕಲ್‌ಹೋಸ್ಟ್ ಎಂದಾಗಲೂ ಹೊಸ ಜಾಲತಾಣವೇ ತೆರೆಯುತ್ತದೆ.

ಹೆಸರಿನ ಕೊನೆಗೆ ‘.ಟೆಸ್ಟ್’ ಇರಲಿ. 1999ರ ಆರ್‌ಎಫ್‌ಸಿ 2606 ಎಂಬ ಅಂತರಜಾಲ ನಿಯಮಗಳ ದಾಖಲೆ ಈ ಕೊನೆಪದವನ್ನು ಪರೀಕ್ಷೆಗೆಂದೇ ಮೀಸಲಿಟ್ಟಿರುವುದರಿಂದ ನಿಜವಾದ ಯಾವ ಡೊಮೈನ್ ಜೊತೆಗೂ ಅದು ತಾಕಲಾಡುವುದಿಲ್ಲ. ‘.ಡೆವ್’ ಬಳಸಬೇಡಿ, ಅದು ಈಗ ನಿಜವಾದ ಕೊನೆಪದವಾಗಿದ್ದು, ಬ್ರೌಸರ್‌ಗಳು ಅದನ್ನು ಎಚ್‌ಟಿಟಿಪಿಎಸ್ ಇಲ್ಲದೆ ತೆರೆಯಲು ಒಪ್ಪುವುದಿಲ್ಲ. ಸರ್ವಿಸ್ ವರ್ಕರ್ (ಹಿನ್ನೆಲೆಯಲ್ಲಿ ನಡೆಯುವ ಸ್ಕ್ರಿಪ್ಟ್), ಸ್ಥಳ ಪತ್ತೆಯಂತಹ ಸೌಲಭ್ಯಗಳನ್ನು ಬ್ರೌಸರ್‌ಗಳು ಲೋಕಲ್‌ಹೋಸ್ಟ್‌ಗೆ ಎಚ್‌ಟಿಟಿಪಿಯಲ್ಲೂ ಕೊಡುತ್ತವೆ, ‘.ಟೆಸ್ಟ್’ ಹೆಸರಿಗೆ ಕೊಡುವುದಿಲ್ಲ ಎಂಬುದು ನೆನಪಿರಲಿ.

ನಿಜವಾದ ಸರ್ವರ್‌ಗೆ ಹೊಂದಿಸುವುದು

ವಿಂಡೋಸ್‌ನಲ್ಲಿ ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಬಹುಪಾಲು ಹೋಸ್ಟಿಂಗ್ ನಡೆಯುವ ಲಿನಕ್ಸ್‌ನಲ್ಲಿ ಇದೆ. ಚಿತ್ರದ ಹೆಸರು ದೊಡ್ಡಕ್ಷರದಿಂದ ಆರಂಭವಾಗಿದ್ದು ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಚಿತ್ರ ಬರುತ್ತದೆ, ಪ್ರಕಟಿಸಿದ ಮೇಲೆ ಮಾಯವಾಗುತ್ತದೆ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇಡುವ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸಿದರೆ ಈ ಸಮಸ್ಯೆ ತಲೆಯೆತ್ತುವುದಿಲ್ಲ.

ಝಾಂಪ್‌ನ ಪಿಎಚ್‌ಪಿ.ಐಎನ್‌ಐನಲ್ಲಿ ಕಾಲವಲಯ ‘ಯುರೋಪ್/ಬರ್ಲಿನ್’ ಎಂದಿರುತ್ತದೆ. ಅದನ್ನು ನಿಮ್ಮ ಪ್ರಕಟಿತ ಸರ್ವರ್‌ನಲ್ಲಿರುವಂತೆ ಬದಲಿಸಿ, ಇಲ್ಲವಾದರೆ ದಿನಾಂಕಗಳು ಗಂಟೆಗಟ್ಟಲೆ ಹಿಂದೆಮುಂದೆ ಆಗುತ್ತವೆ. ಕಡತ ಅಪ್‌ಲೋಡ್‌ನ ಗರಿಷ್ಠ ಗಾತ್ರವನ್ನೂ ಅಲ್ಲಿನಷ್ಟೇ ಇರಿಸಿ. ದೋಷಗಳನ್ನು ಪರದೆಯ ಮೇಲೆ ತೋರಿಸುವ ಆಯ್ಕೆಯೊಂದು ಮಾತ್ರ ಎರಡು ಕಡೆ ಬೇರೆಯಾಗಿರಬೇಕು: ಇಲ್ಲಿ ಚಾಲೂ, ಅಲ್ಲಿ ಬಂದ್.

ಸಂಪರ್ಕವಿಲ್ಲದೆ ಜಾಲತಾಣ ನಿಜಕ್ಕೂ ನಡೆಯುತ್ತದೆಯೇ ಎಂದು ನೋಡಲು ವೈಫೈ ಆರಿಸಿ, ಬ್ರೌಸರ್‌ನ ಕ್ಯಾಶ್ ಬಳಕೆಯಾಗದಂತೆ ಪುಟವನ್ನು ಮರುಲೋಡ್ ಮಾಡಿ, ಡೆವಲಪರ್ ಸಾಧನಗಳ ‘ನೆಟ್‌ವರ್ಕ್’ ವಿಭಾಗದಲ್ಲಿ ಕೆಂಪಾದ ಸಾಲುಗಳನ್ನು ಗುರುತಿಸಿ. ಅದೇ ವಿಭಾಗದಲ್ಲಿರುವ ‘ಆಫ್‌ಲೈನ್’ ಆಯ್ಕೆ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಲೋಕಲ್‌ಹೋಸ್ಟ್‌ನ ಕೋರಿಕೆಗಳನ್ನೂ ತಡೆಯುತ್ತದೆ. ಇಮೇಲ್ ಕಳಿಸುವ ಫಾರಂಗಳಿದ್ದರೆ ಮೇಲ್‌ಪಿಟ್ ಎಂಬ ಪುಟ್ಟ ಸಾಧನವನ್ನು ನಡೆಸಿ, ನಿಮ್ಮ ಜಾಲತಾಣ 1025ನೇ ಪೋರ್ಟ್‌ಗೆ ಪತ್ರ ಕಳಿಸುವಂತೆ ಮಾಡಿ. ಪತ್ರ ಹೊರಗೆ ಹೋಗದೆ 8025ನೇ ಪೋರ್ಟ್‌ನ ಪುಟದಲ್ಲಿ ಓದಲು ಸಿಗುತ್ತದೆ.

ದಿನನಿತ್ಯದ ಎಚ್ಚರ ಮತ್ತು ಸಾಗಣೆ

ಕಂಪ್ಯೂಟರ್ ಆರಿಸುವ ಮುನ್ನ ನಿಯಂತ್ರಣ ಫಲಕದಲ್ಲಿ ಮೈಎಸ್‌ಕ್ಯೂಎಲ್‌ನ ‘ಸ್ಟಾಪ್’ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ಡೇಟಾಬೇಸ್‌ನ ಕಡತಗಳು ಕೆಟ್ಟು ಮರುದಿನ ಅದು ಏಳದೇ ಹೋಗಬಹುದು. ಅಂತಹ ಸಂದರ್ಭದಲ್ಲಿ ‘ಐಬಿಡೇಟಾ1’ ಎಂಬ ಕಡತವನ್ನು ಅಳಿಸಿ ನೋಡಿ ಎಂಬ ಸಲಹೆ ಕಣ್ಣಿಗೆ ಬಿದ್ದರೆ ದಯವಿಟ್ಟು ಪಾಲಿಸಬೇಡಿ. ಡೇಟಾಬೇಸ್ ಮಾಹಿತಿ ಉಳಿಸುವ ಇನ್ನೋಡಿಬಿ ವಿಧಾನದ ಟೇಬಲ್‌ಗಳ ಮುಖ್ಯ ಮಾಹಿತಿ ಅದರಲ್ಲಿದೆ. ಯಾವ ದುರಸ್ತಿಗೂ ಮೊದಲು ‘ಡೇಟಾ’ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯದೆಂದರೆ ಪಿಎಚ್‌ಪಿಮೈಅಡ್ಮಿನ್‌ನ ‘ಎಕ್ಸ್‌ಪೋರ್ಟ್’ ಮೂಲಕ ಆಗಾಗ ಎಸ್‌ಕ್ಯೂಎಲ್ ಕಡತವನ್ನು ತೆಗೆದು ಬೇರೆ ಡಿಸ್ಕ್‌ನಲ್ಲಿಡುವುದು, ಕೋಡನ್ನು, ಅದರ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿ ಇಡುವುದು. ಗಿಟ್ ಕೂಡ ಸಂಪರ್ಕವಿಲ್ಲದೆಯೇ ಕೆಲಸ ಮಾಡುತ್ತದೆ.

ಝಾಂಪ್ ಅಭಿವೃದ್ಧಿಗೆಂದು ಸಡಿಲವಾಗಿ ಹೊಂದಿಸಲಾದ ವ್ಯವಸ್ಥೆ. ಅದರ ತಯಾರಕರೂ ಸಾರ್ವಜನಿಕ ಸರ್ವರ್ ಆಗಿ ಬಳಸಬೇಡಿ ಎನ್ನುತ್ತಾರೆ. ಇತರರಿರುವ ನೆಟ್‌ವರ್ಕ್‌ನಲ್ಲಿ ಕೆಲಸ ಮಾಡುವವರು ‘ಲಿಸನ್’ ಸಾಲಿನಲ್ಲಿ ಪೋರ್ಟ್ ಸಂಖ್ಯೆಯ ಹಿಂದೆ 127.0.0.1 ಮತ್ತು ವಿವರಣ ಚಿಹ್ನೆ ಸೇರಿಸಿದರೆ ಬೇರೆ ಯಂತ್ರಗಳಿಂದ ಬರುವ ಕೋರಿಕೆಗಳಿಗೆ ಬಾಗಿಲು ಮುಚ್ಚುತ್ತದೆ.

ಪ್ರಕಟಣೆಯ ದಿನ ಕಡತಗಳನ್ನು ಅಪ್‌ಲೋಡ್ ಮಾಡಿ, ಎಸ್‌ಕ್ಯೂಎಲ್ ಕಡತವನ್ನು ಅಲ್ಲಿನ ಡೇಟಾಬೇಸ್‌ಗೆ ಇಂಪೋರ್ಟ್ ಮಾಡಿ, ಸಂಪರ್ಕದ ವಿವರಗಳನ್ನು ಬದಲಿಸಿದರೆ ಸಾಮಾನ್ಯ ಜಾಲತಾಣ ಸಿದ್ಧ. ವರ್ಡ್‌ಪ್ರೆಸ್‌ನಲ್ಲಿ ಹಳೆಯ ವಿಳಾಸ ಡೇಟಾಬೇಸ್‌ನ ಉದ್ದಗಲಕ್ಕೂ ಹರಡಿರುತ್ತದೆ. ಎಸ್‌ಕ್ಯೂಎಲ್ ಕಡತವನ್ನು ಸಂಪಾದಕದಲ್ಲಿ ತೆರೆದು ವಿಳಾಸವನ್ನು ಒಮ್ಮೆಲೇ ಬದಲಿಸಿದರೆ, ಪಠ್ಯದ ಜೊತೆಗೆ ಅದರ ಉದ್ದವನ್ನೂ ದಾಖಲಿಸಿರುವ ಸೀರಿಯಲೈಸ್ ಮಾಡಿದ ಸೆಟ್ಟಿಂಗ್‌ಗಳು ಉದ್ದದ ಲೆಕ್ಕ ತಪ್ಪಿ ಕೆಡುತ್ತವೆ. ಆ ಕೆಲಸಕ್ಕೆ, ವರ್ಡ್‌ಪ್ರೆಸ್ಸನ್ನು ಟರ್ಮಿನಲ್‌ನಿಂದ ನಿರ್ವಹಿಸುವ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ಹುಡುಕಿ-ಬದಲಿಸುವ ಆದೇಶವನ್ನೇ ಬಳಸಿ. ಪರೀಕ್ಷೆಗೆಂದು ಬರೆದ ಪಿಎಚ್‌ಪಿಇನ್ಫೊ ಕಡತ ಅಪ್‌ಲೋಡ್ ಆಗಿದ್ದರೆ ಅಳಿಸಿಬಿಡಿ, ಸರ್ವರ್‌ನ ಒಳವಿವರಗಳೆಲ್ಲ ಅದರ ಮೂಲಕ ಯಾರಿಗಾದರೂ ಕಾಣುತ್ತವೆ.